ಮೆದುಳು 25ಕ್ಕೆ ಬಲಿಯುತ್ತದೆ ಅಂತಾರೆ. ಹಾಗಾದರೆ 15ರ ಮಕ್ಕಳ ಜೊತೆ ಹೇಗೆ ನಡೆದುಕೊಳ್ಳಬೇಕು?

ನೀಲಿಕೊಡೆ
ಎಲ್ಲರಿಗೂ ನಮಸ್ಕಾರ. ಹದಿಹರೆಯದ ಮಕ್ಕಳ ಬಗ್ಗೆ ಎಲ್ಲಿ ಮಾತು ಬಂದರೂ ಈಗ ಒಂದೇ ಮಾತು ಕೇಳುತ್ತೇನೆ: "ಅವರ ಮೆದುಳು ಇನ್ನೂ ಪೂರ್ತಿ ಬೆಳೆದಿಲ್ಲ, 25 ಆಗಬೇಕು." ಇನ್ನು ಕೆಲವರು ಇದಕ್ಕೆ ಪೂರ್ತಿ ಉಲ್ಟಾ ಹೇಳುತ್ತಾರೆ. ಟೀನೇಜರ್ ಅನ್ನುವುದೇ ನೂರು ವರ್ಷದ ಹಿಂದೆ ಹುಟ್ಟಿದ ಕಲ್ಪನೆ, ಅದಕ್ಕೂ ಮೊದಲು ಮಕ್ಕಳಿದ್ದರು, ದೊಡ್ಡವರಿದ್ದರು, ಅಷ್ಟೇ ಅಂತ.

ನನ್ನ ಮಗನಿಗೆ 15. ಒಬ್ಬನೇ ಕೂತು ಯೋಚಿಸಿದರೆ ನನಗಿಂತ ಚೆನ್ನಾಗಿ ಲಾಭ ನಷ್ಟ ತೂಗುತ್ತಾನೆ. ಅದೇ ಹುಡುಗ ನಾಲ್ಕು ಜನ ಗೆಳೆಯರ ಮಧ್ಯೆ ಇದ್ದರೆ ಬೇರೆಯೇ ಮನುಷ್ಯ. ಮೆದುಳು ಬೆಳೆದಿಲ್ಲ ಅಂದರೆ ಎರಡೂ ಕಡೆ ಒಂದೇ ಥರ ಇರಬೇಕಿತ್ತು ಅಲ್ವಾ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ನರತಂತು
ನಾನು ಓದಿದ್ದು ಇದೇ ವಿಷಯ. ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಮೆದುಳಿನಲ್ಲಿ ಏನಾಗುತ್ತದೆ ಅನ್ನುವುದು. 1979ರಲ್ಲಿ ಪೀಟರ್ ಹುಟೆನ್‌ಲಾಖರ್ ಅನ್ನುವ ಮಕ್ಕಳ ನರವೈದ್ಯರು, ತೀರಿಕೊಂಡವರ ಮೆದುಳಿನ ತುಣುಕುಗಳನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಇಟ್ಟು ಸಿನಾಪ್ಸ್‌ಗಳನ್ನು ಎಣಿಸಿದರು. ಸಿನಾಪ್ಸ್ ಅಂದರೆ ಒಂದು ನರಕೋಶ ಇನ್ನೊಂದರ ಜೊತೆ ಮಾತಾಡುವ ಜಾಗ. ಹಣೆಯ ಹಿಂದಿನ ಭಾಗದಲ್ಲಿ ಒಂದೆರಡು ವರ್ಷದ ಮಗುವಿಗೆ ದೊಡ್ಡವರಿಗಿಂತ ಸುಮಾರು ಒಂದೂವರೆ ಪಟ್ಟು ಸಾಂದ್ರವಾಗಿ ಸಿನಾಪ್ಸ್‌ಗಳಿದ್ದವು. 16ರ ಹೊತ್ತಿಗೆ ಅದು ದೊಡ್ಡವರ ಮಟ್ಟಕ್ಕೆ ಇಳಿದಿತ್ತು. ಅಂದರೆ ಬೆಳೆಯುವಾಗ ಸಂಪರ್ಕ ಕಡಿಮೆಯಾಗುತ್ತದೆ. ಜನ ನಡೆದಾಡುವ ಕಾಲುದಾರಿ ಉಳಿಯುತ್ತದೆ, ಯಾರೂ ನಡೆಯದ ದಾರಿಯನ್ನು ಹುಲ್ಲು ಮುಚ್ಚುತ್ತದೆ. ಹಾಗೆಯೇ ಬಳಸಿದ ಸಂಪರ್ಕ ಉಳಿಯುತ್ತದೆ, ಬಳಸದ್ದು ಹೋಗುತ್ತದೆ.

ಅದರ ಜೊತೆಗೆ ನರಕೋಶಗಳ ಉದ್ದನೆಯ ಎಳೆಗಳ ಮೇಲೆ ಮೈಲಿನ್ ಅನ್ನುವ ಕೊಬ್ಬಿನ ಹೊದಿಕೆ ಬೆಳೆಯುತ್ತಾ ಹೋಗುತ್ತದೆ. ಇದರಿಂದ ದೂರದ ಭಾಗಗಳ ನಡುವೆ ಸಂದೇಶ ಬೇಗ ಹೋಗುತ್ತದೆ.

1999ರಲ್ಲಿ ಜೇ ಗೀಡ್ ಮತ್ತು ಜೊತೆಗಾರರು 145 ಆರೋಗ್ಯವಂತ ಮಕ್ಕಳ, ಹದಿಹರೆಯದವರ ಎಂಆರ್‌ಐ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ಅನೇಕರನ್ನು ಒಂದೆರಡು ವರ್ಷ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿದ್ದರು. ಮೆದುಳಿನ ಮುಂಭಾಗದ ಬೂದು ಭಾಗ, ಅಂದರೆ ನರಕೋಶಗಳೂ ಸಿನಾಪ್ಸ್‌ಗಳೂ ತುಂಬಿರುವ ಭಾಗ, ಹುಡುಗಿಯರಲ್ಲಿ ಸುಮಾರು 11ಕ್ಕೆ, ಹುಡುಗರಲ್ಲಿ ಸುಮಾರು 12ಕ್ಕೆ ತುದಿ ಮುಟ್ಟಿ ಆಮೇಲೆ ತೆಳುವಾಗುತ್ತಾ ಹೋಗುವುದು ಕಂಡಿತು. ಹದಿಹರೆಯದ ಮೆದುಳು ಅನ್ನುವ ಮಾತು ಮನೆಮನೆಗೆ ಬಂದದ್ದು ಇದಾದ ಮೇಲೆ.

ಇನ್ನು 25ರ ವಿಷಯ. ಆ ಸಂಖ್ಯೆಗೆ ಗಟ್ಟಿ ನೆಲ ಇಲ್ಲ. ಮೊದಮೊದಲ ಅಧ್ಯಯನಗಳಲ್ಲಿ ಇದ್ದವರೇ ಇಪ್ಪತ್ತರ ಆಸುಪಾಸಿನವರೆಗಿನ ಜನ. ಹಾಗಾಗಿ ಗ್ರಾಫಿನ ಗೆರೆ ಅಲ್ಲಿಗೆ ನಿಂತಿತು. ಮೆದುಳಿನ ಬದಲಾವಣೆಯೇ ಅಲ್ಲಿಗೆ ನಿಂತಿತು ಅಂತ ಜನ ತಿಳಿದುಕೊಂಡರು. 2022ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು ಒಟ್ಟು ಹಾಕಿದ ಅಧ್ಯಯನ ಬಂತು. ಬಿಳಿ ಭಾಗ, ಅಂದರೆ ಮೈಲಿನ್ ಹೊದ್ದ ಎಳೆಗಳಿರುವ ಭಾಗ, ಸುಮಾರು 29ರವರೆಗೂ ಹೆಚ್ಚುತ್ತಲೇ ಇತ್ತು. ಬೂದು ಭಾಗದ ಒಟ್ಟು ಗಾತ್ರ ಸುಮಾರು 6ಕ್ಕೇ ತುದಿ ಮುಟ್ಟಿತ್ತು. ಒಂದೇ ಮೆದುಳು, ಒಂದು ಅಳತೆಯಲ್ಲಿ 6, ಇನ್ನೊಂದರಲ್ಲಿ 29. ಇದರಲ್ಲಿ ಯಾವುದನ್ನು "ಪೂರ್ತಿ ಆಯಿತು" ಅನ್ನೋಣ?

ಹಳೇಮೇಷ್ಟ್ರು
ನರತಂತು ಅವರು ಮೆದುಳಿನ ಕತೆ ಹೇಳಿದರು. ನಾನು ಇತಿಹಾಸ ಪಾಠ ಮಾಡಿದವನು, ಆ ಕಡೆಯಿಂದ ಹೇಳುತ್ತೇನೆ.

1904ರಲ್ಲಿ ಅಮೆರಿಕದ ಮನೋವಿಜ್ಞಾನಿ ಜಿ. ಸ್ಟ್ಯಾನ್ಲಿ ಹಾಲ್ ಹದಿಹರೆಯದ ಮೇಲೆ ಎರಡು ದೊಡ್ಡ ಸಂಪುಟ ಬರೆದರು. ಈ ವಯಸ್ಸು ಅಂದರೆ ಬಿರುಗಾಳಿ, ಒತ್ತಡ, ಗೊಂದಲ ಅನ್ನುವ ಚಿತ್ರ ಗಟ್ಟಿಯಾಗಿ ಕೂತದ್ದು ಅಲ್ಲಿಂದ. ಅವರ ಸಿದ್ಧಾಂತದ ಬುನಾದಿಯೇ ಬೇರೆ ಇತ್ತು. ಮಗು ಬೆಳೆಯುವಾಗ ಮನುಕುಲದ ಇಡೀ ವಿಕಾಸದ ಹಂತಗಳನ್ನು ಮತ್ತೆ ದಾಟುತ್ತದೆ ಅಂತ ಅವರು ನಂಬಿದ್ದರು. ಆ ಬುನಾದಿಯನ್ನು ಈಗ ಯಾರೂ ಒಪ್ಪುವುದಿಲ್ಲ. ಚಿತ್ರ ಮಾತ್ರ ಉಳಿದುಕೊಂಡಿತು.

ಚಿತ್ರ ಉಳಿಯಲು ಕಾರಣ ಶಾಲೆ. 1910ರಲ್ಲಿ ಅಮೆರಿಕದಲ್ಲಿ ಹೈಸ್ಕೂಲ್ ಮುಗಿಸುತ್ತಿದ್ದವರು ಹತ್ತರಲ್ಲಿ ಒಬ್ಬರೂ ಇಲ್ಲ. 1940ರ ಹೊತ್ತಿಗೆ ಸುಮಾರು ಅರ್ಧ ಜನ. ನಡುವೆ ಮಹಾ ಆರ್ಥಿಕ ಕುಸಿತ ಬಂತು. ದೊಡ್ಡವರಿಗೇ ಕೆಲಸ ಇಲ್ಲದಾಗ ಹುಡುಗರಿಗೆ ಎಲ್ಲಿಂದ ಬರಬೇಕು? 1938ರ ಕಾರ್ಮಿಕ ಕಾನೂನು ಮಕ್ಕಳ ದುಡಿಮೆಗೆ ಮಿತಿ ಹಾಕಿತು. ಅದು ಬೇಕಾಗಿಯೇ ಇತ್ತು, ಕಾರ್ಖಾನೆ, ಗಣಿಗಳಲ್ಲಿ ಮಕ್ಕಳು ಸವೆದುಹೋಗುತ್ತಿದ್ದರು. ಆದರೆ ಇದೆಲ್ಲದರ ಒಟ್ಟು ಪರಿಣಾಮ ಏನು? ಮೊದಲು ತಂದೆಯ ಪಕ್ಕದಲ್ಲಿ, ಕಸುಬುದಾರನ ಕೈಕೆಳಗೆ, ಹೊಲದಲ್ಲಿ ಎಲ್ಲ ವಯಸ್ಸಿನವರ ನಡುವೆ ಇರುತ್ತಿದ್ದ ಹುಡುಗ ಹುಡುಗಿಯರು, ಈಗ ದಿನವಿಡೀ ತಮ್ಮದೇ ವಯಸ್ಸಿನವರ ಜೊತೆ ಒಂದು ಕಟ್ಟಡದೊಳಗೆ. ಅವರ ಬಟ್ಟೆ, ಸಂಗೀತ, ಮಾತು ಬೇರೆಯಾಯಿತು. 1940ರ ದಶಕದಲ್ಲಿ ಮಾರುಕಟ್ಟೆ ಇದನ್ನು ಗಮನಿಸಿ, ಅವರಿಗೇ ಅಂತ ಪತ್ರಿಕೆ, ಉಡುಪು ತಂದಿತು. ಟೀನೇಜರ್ ಹುಟ್ಟಿದ್ದು ಹೀಗೆ.

ಹಾಗಾಗಿ ನೀಲಿಕೊಡೆ ಅವರ ಎರಡನೇ ಪಂಗಡದವರ ಮಾತಿನಲ್ಲಿ ತುಂಬಾ ಸತ್ಯ ಇದೆ ಅಂತ ನನ್ನ ಅಭಿಪ್ರಾಯ.

ನರತಂತು
ಮೇಷ್ಟ್ರೇ, ಶಾಲೆ ಮತ್ತು ಮಾರುಕಟ್ಟೆಯ ಬಗ್ಗೆ ನೀವು ಹೇಳಿದ್ದು ಒಪ್ಪುತ್ತೇನೆ. ಆದರೆ ಆ ವಯಸ್ಸೇ ಕಲ್ಪನೆ ಅಂದರೆ ಒಪ್ಪಲಾರೆ. ಇಲಿಗಳನ್ನೇ ನೋಡಿ. ಅವಕ್ಕೆ ಶಾಲೆ ಇಲ್ಲ, ಪತ್ರಿಕೆ ಇಲ್ಲ. ಮೈನೆರೆಯುವ ಹೊತ್ತಿಗೆ ಅವೂ ಹೊಸದನ್ನು ಹುಡುಕುತ್ತವೆ, ಗೂಡು ಬಿಟ್ಟು ಓಡಾಡುತ್ತವೆ, ಓರಗೆಯವುಗಳ ಜೊತೆ ಸೇರುತ್ತವೆ. 2014ರ ಒಂದು ಪ್ರಯೋಗದಲ್ಲಿ ಹರೆಯದ ಇಲಿಗಳು ಒಂಟಿಯಾಗಿದ್ದಾಗಿನದಕ್ಕಿಂತ ಜೊತೆಯ ಇಲಿಗಳಿದ್ದಾಗ ಜಾಸ್ತಿ ಮದ್ಯ ಕುಡಿದವು. ಬಲಿತ ಇಲಿಗಳಲ್ಲಿ ಆ ವ್ಯತ್ಯಾಸ ಇರಲಿಲ್ಲ.

ನೀಲಿಕೊಡೆ ಅಮ್ಮನ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. 2005ರಲ್ಲಿ ಮಾರ್ಗೊ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಅನ್ನುವ ಮನೋವಿಜ್ಞಾನಿಗಳು ಒಂದು ಸರಳ ಆಟ ಆಡಿಸಿದರು. ಪರದೆಯ ಮೇಲೆ ಒಂದು ಕಾರು ಓಡುತ್ತಿರುತ್ತದೆ. ಹಳದಿ ದೀಪ ಬರುತ್ತದೆ. ಕೆಂಪು ಯಾವಾಗ ಬರುತ್ತದೆ ಗೊತ್ತಿಲ್ಲ. ಮುಂದೆ ಹೋದಷ್ಟೂ ಅಂಕ. ಕೆಂಪು ಬಂದಾಗ ಕಾರು ಇನ್ನೂ ಓಡುತ್ತಿದ್ದರೆ ಗೋಡೆಗೆ ಢಿಕ್ಕಿ, ಗಳಿಸಿದ್ದೆಲ್ಲ ಹೋಯಿತು. ಆಡಿದವರು 306 ಜನ, ಮೂರು ವಯಸ್ಸಿನವರು: 13ರಿಂದ 16, 18ರಿಂದ 22, ಮತ್ತು 24 ದಾಟಿದವರು. ಒಬ್ಬೊಬ್ಬರೇ ಆಡಿದಾಗ ಮೂರು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಓರಗೆಯ ಇಬ್ಬರು ಪಕ್ಕದಲ್ಲಿ ಕೂತು ನೋಡುತ್ತಾ ಮಾತಾಡುತ್ತಾ ಇದ್ದಾಗ, ಹದಿಹರೆಯದವರು ಕಾರನ್ನು ತುಂಬಾ ಮುಂದೆ ಓಡಿಸಿದರು. ದೊಡ್ಡವರು ಬದಲಾಗಲಿಲ್ಲ.

2011ರಲ್ಲಿ ಇದೇ ಥರದ ಆಟವನ್ನು ಸ್ಕ್ಯಾನರ್ ಒಳಗೆ ಆಡಿಸಿದರು. ಗೆಳೆಯರು ಬೇರೆ ಕೋಣೆಯಿಂದ ನೋಡುತ್ತಿದ್ದಾರೆ ಅಂತ ತಿಳಿದರೆ ಸಾಕು, ಹದಿಹರೆಯದವರ ಮೆದುಳಿನಲ್ಲಿ ವೆಂಟ್ರಲ್ ಸ್ಟ್ರಯೇಟಂ ಅನ್ನುವ ಭಾಗ ಜಾಸ್ತಿ ಚುರುಕಾಗುತ್ತಿತ್ತು. ಸಿಗಬಹುದಾದ ಬಹುಮಾನದ ಸೆಳೆತಕ್ಕೆ ಸ್ಪಂದಿಸುವ ಭಾಗ ಅದು.

ಅಪಾಯ ಗೊತ್ತಿಲ್ಲ ಅಂತಲ್ಲ. ನಿಮ್ಮ ಮಗನಿಗೆ ಅಪಾಯ ಚೆನ್ನಾಗಿ ಗೊತ್ತಿರುತ್ತದೆ. ಗೆಳೆಯರ ಕಣ್ಣೆದುರು ಗೆಲ್ಲುವುದರ ರುಚಿ ಆ ಹೊತ್ತಿಗೆ ಅದಕ್ಕಿಂತ ಜೋರಾಗಿರುತ್ತದೆ.

ಕಪ್ಪುಕೋಟು
ನ್ಯಾಯಾಲಯದಲ್ಲಿ ಈ ವಿಜ್ಞಾನ ಹೇಗೆ ಬಳಕೆಯಾಯಿತು ಅನ್ನುವುದನ್ನೂ ನೋಡಬೇಕು. ಅಮೆರಿಕದ ಸುಪ್ರೀಂ ಕೋರ್ಟ್ 2005ರಲ್ಲಿ ರೋಪರ್ ವಿರುದ್ಧ ಸಿಮನ್ಸ್ ಪ್ರಕರಣದಲ್ಲಿ, 18 ತುಂಬುವ ಮೊದಲು ಮಾಡಿದ ಅಪರಾಧಕ್ಕೆ ಮರಣದಂಡನೆ ಕೂಡದು ಅಂತ 5–4ರ ತೀರ್ಪು ಕೊಟ್ಟಿತು. ದುಡುಕು, ಓರಗೆಯವರ ಒತ್ತಡಕ್ಕೆ ಬಗ್ಗುವುದು, ಸ್ವಭಾವ ಇನ್ನೂ ಗಟ್ಟಿಯಾಗದಿರುವುದು, ಈ ಮೂರು ಕಾರಣ ಕೊಟ್ಟರು. 2012ರಲ್ಲಿ, ಬಿಡುಗಡೆಯೇ ಇಲ್ಲದ ಜೀವಾವಧಿ ಶಿಕ್ಷೆಯನ್ನು 18ರ ಕೆಳಗಿನವರಿಗೆ ಕಡ್ಡಾಯವಾಗಿ ವಿಧಿಸುವಂತಿಲ್ಲ ಅಂದರು. ನನಗೆ ಈ ತೀರ್ಪುಗಳು ಮನಸಾರೆ ಒಪ್ಪಿಗೆ.

ಆದರೆ ರೋಪರ್ ಪ್ರಕರಣದಲ್ಲಿ ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಸ್ಕಾಲಿಯಾ ಒಂದು ಗಟ್ಟಿ ಪ್ರಶ್ನೆ ಎತ್ತಿದರು. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಈ ಪ್ರಕರಣದಲ್ಲಿ ಮಕ್ಕಳು ಅಪ್ರಬುದ್ಧರು ಅಂದಿತು. ಅದೇ ಸಂಸ್ಥೆ 1990ರ ಇನ್ನೊಂದು ಪ್ರಕರಣದಲ್ಲಿ, ಗರ್ಭಪಾತದ ಬಗ್ಗೆ ಅದೇ ವಯಸ್ಸಿನ ಹುಡುಗಿಯರು ತಾವೇ ತೀರ್ಮಾನಿಸುವಷ್ಟು ಪ್ರಬುದ್ಧರು ಅಂದಿತ್ತು. ಎರಡೂ ಹೇಗೆ ನಿಜವಾಗುತ್ತದೆ?

ನರತಂತು
ಎರಡೂ ನಿಜ ಸರ್. 2009ರಲ್ಲಿ ಸ್ಟೈನ್‌ಬರ್ಗ್ ಮತ್ತು ಜೊತೆಗಾರರು ಇದೇ ಪ್ರಶ್ನೆಗೆ ಲೇಖನ ಬರೆದು ಉತ್ತರ ಕೊಟ್ಟರು. ಆಮೇಲೆ 2019ರಲ್ಲಿ 11 ದೇಶಗಳ, 10ರಿಂದ 30ರ ವಯಸ್ಸಿನ 5,000ಕ್ಕೂ ಹೆಚ್ಚು ಜನರ ಫಲಿತಾಂಶ ಬಂತು. ಸಮಾಧಾನವಾಗಿ ಕೂತು, ಮಾಹಿತಿ ನೋಡಿ, ಯೋಚಿಸಿ ಹೇಳುವ ಸಾಮರ್ಥ್ಯ ಸುಮಾರು 16ಕ್ಕೇ ದೊಡ್ಡವರ ಮಟ್ಟ ಮುಟ್ಟುತ್ತದೆ. ಸಿಟ್ಟು, ಉತ್ಸಾಹ, ಜೊತೆಗಾರರ ಒತ್ತಡ ಇದ್ದಾಗ ತಡೆದುಕೊಳ್ಳುವ ಶಕ್ತಿ 18 ದಾಟಿದ ಮೇಲೂ ಬೆಳೆಯುತ್ತಿರುತ್ತದೆ. ವೈದ್ಯರ ಜೊತೆ ಮಾತಾಡಿ, ಸಮಯ ತೆಗೆದುಕೊಂಡು ಮಾಡುವ ತೀರ್ಮಾನ ಒಂದು. ರಾತ್ರಿ ಗುಂಪಿನಲ್ಲಿ ಒಂದು ಕ್ಷಣದಲ್ಲಿ ಮಾಡುವ ಅಪರಾಧ ಇನ್ನೊಂದು. ಪ್ರಬುದ್ಧತೆಗೆ ಒಂದೇ ವಯಸ್ಸು ಹುಡುಕಿದರೆ ಸಿಗುವುದಿಲ್ಲ.

ಕಪ್ಪುಕೋಟು
ಹಾಗಾದರೆ 16ಕ್ಕೆ ಮತದಾನದ ಹಕ್ಕು ಕೊಡುವುದಕ್ಕೂ, 18ರವರೆಗೆ ಕಠಿಣ ಶಿಕ್ಷೆ ತಪ್ಪಿಸುವುದಕ್ಕೂ ನಡುವೆ ವಿರೋಧ ಇಲ್ಲ. ಆಸ್ಟ್ರಿಯಾ 2007ರಲ್ಲೇ 16ಕ್ಕೆ ಮತ ಕೊಟ್ಟಿತು. ಈ ವಾದವನ್ನು ನಾನು ಇಟ್ಟುಕೊಳ್ಳುತ್ತೇನೆ.

ಕಿಟಕಿಪಕ್ಕ
ನನಗೆ 17. ಇಷ್ಟು ಹೊತ್ತು ಎಲ್ಲರೂ ನಮ್ಮ ಬಗ್ಗೆ ಮಾತಾಡುತ್ತಿದ್ದೀರಿ, ನಾನೂ ಒಂದು ಮಾತು ಹೇಳಬಹುದಾ?

"ನಿನ್ನ ಮೆದುಳು ಇನ್ನೂ ಬೆಳೆದಿಲ್ಲ" ಅಂತ ಹೇಳಿದರೆ ಅಲ್ಲಿಗೆ ಮಾತು ಮುಗಿಯಿತು. ನಾನು ಏನೇ ಕಾರಣ ಕೊಟ್ಟರೂ ಅದು ಬೆಳೆಯದ ಮೆದುಳಿನ ಕಾರಣ. ಸರಿಯಾಗಿ ಹೇಳಿದಾಗಲೂ ಅಷ್ಟೇ. ನಾನು ತಪ್ಪು ಮಾಡಿದರೆ ಎಲ್ಲಿ ತಪ್ಪಿದೆ ಅಂತ ಹೇಳಿ, ಕೇಳುತ್ತೇನೆ. ಮೆದುಳು ತೋರಿಸಿದರೆ ನಾನೇನು ಮಾಡಲಿ?

ಇನ್ನೊಂದು ನಿದ್ದೆ. ರಾತ್ರಿ ಹನ್ನೊಂದಾದರೂ ನಿದ್ದೆ ಬರಲ್ಲ. ಬೆಳಗ್ಗೆ ಎಬ್ಬಿಸಿದರೆ ತಲೆಯೇ ಎತ್ತೋಕಾಗಲ್ಲ. ಮೊದಲ ಪೀರಿಯಡ್‌ನಲ್ಲಿ ಬೋರ್ಡ್ ಮೇಲಿನ ಅಕ್ಷರ ಕಾಣುತ್ತದೆ, ಅರ್ಥ ಆಗಲ್ಲ. ಎಲ್ಲರೂ ಸೋಮಾರಿ ಅಂತಾರೆ. ಇದಕ್ಕೂ ಮೆದುಳಿಗೂ ಸಂಬಂಧ ಇದೆಯಾ?

ನರತಂತು
ಖಂಡಿತ ಇದೆ ಪುಟ್ಟಾ. ಮೆಲಟೋನಿನ್ ಅನ್ನುವ ಹಾರ್ಮೋನು ರಾತ್ರಿಯಾಯಿತು ಅಂತ ದೇಹಕ್ಕೆ ತಿಳಿಸುತ್ತದೆ. ಹರೆಯ ಬಂದಾಗ ಅದು ಏರುವ ಹೊತ್ತೇ ಮುಂದಕ್ಕೆ ಹೋಗುತ್ತದೆ. ಮೇರಿ ಕಾರ್ಸ್ಕಡನ್ ಈ ವಿಷಯದಲ್ಲಿ ದಶಕಗಟ್ಟಲೆ ಕೆಲಸ ಮಾಡಿದವರು. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮಕ್ಕಳನ್ನು ಬೇಸಿಗೆ ಶಿಬಿರಕ್ಕೆ ಕರೆದು ನಿದ್ದೆ ಅಳೆದರು. ದೊಡ್ಡವರಾಗುತ್ತಾ ಬಂದ ಹಾಗೆ ಮಕ್ಕಳಿಗೆ ನಿದ್ದೆಯ ಅಗತ್ಯ ಕಡಿಮೆ ಆಗುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಹಾಗಾಗಲಿಲ್ಲ. ಅವಕಾಶ ಕೊಟ್ಟರೆ ಹದಿಹರೆಯದವರೂ ಚಿಕ್ಕ ಮಕ್ಕಳಷ್ಟೇ, ಸುಮಾರು 9 ಗಂಟೆ ಮಲಗುತ್ತಿದ್ದರು. ಈಗ ವೈದ್ಯರು ಈ ವಯಸ್ಸಿಗೆ ಹೇಳುವುದು 8ರಿಂದ 10 ಗಂಟೆ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ, ಈ ವಯಸ್ಸಿನವರ ಶಾಲೆ ಬೆಳಗ್ಗೆ 8:30ಕ್ಕಿಂತ ಮೊದಲು ಶುರುವಾಗಬಾರದು ಅಂತ ಹೇಳಿತು. ಸಿಯಾಟಲ್ ನಗರ 2016ರಲ್ಲಿ ಹೈಸ್ಕೂಲ್ ಶುರುವಾಗುವ ಹೊತ್ತನ್ನು 7:50ರಿಂದ 8:45ಕ್ಕೆ ತಂದಿತು. ವಿದ್ಯಾರ್ಥಿಗಳ ಮಣಿಕಟ್ಟಿಗೆ ಅಳೆಯುವ ಪಟ್ಟಿ ಕಟ್ಟಿ ನೋಡಿದಾಗ ದಿನಕ್ಕೆ 34 ನಿಮಿಷ ಜಾಸ್ತಿ ನಿದ್ದೆ ಸಿಕ್ಕಿತ್ತು. "ಲೇಟಾಗಿ ಶುರು ಮಾಡಿದರೆ ಇನ್ನೂ ಲೇಟಾಗಿ ಮಲಗುತ್ತಾರೆ" ಅಂತ ಹೆದರಿದ್ದವರಿಗೆ ಅದೇ ಉತ್ತರ. ಹಾಗಂತ ಮಲಗುವ ಮುಂಚೆ ಮುಖದ ಹತ್ತಿರ ಹೊಳೆಯುವ ಪರದೆ ಇಟ್ಟುಕೊಂಡರೆ ಮೆಲಟೋನಿನ್ ಇನ್ನೂ ತಡವಾಗುತ್ತದೆ, ಅದು ನಿನ್ನ ಕೈಯಲ್ಲಿದೆ. ನೀನು ಸೋಮಾರಿ ಅಲ್ಲ.

ರಾತ್ರಿಪಾಳಿ
ನಾನು ನರ್ಸ್. ಮಧ್ಯೆ ಬಾಯಿ ಹಾಕುತ್ತೇನೆ, ಏಕೆಂದರೆ ಇದು ಬಿಟ್ಟುಹೋಗಬಾರದು. ಜೀವನದಲ್ಲಿ ಎಂದಾದರೂ ಬರುವ ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು 14ರೊಳಗೆ, ಮುಕ್ಕಾಲು ಪಾಲು 24ರೊಳಗೆ ಶುರುವಾಗುತ್ತವೆ ಅಂತ 2005ರ ಅಮೆರಿಕದ ದೊಡ್ಡ ಸಮೀಕ್ಷೆ ತೋರಿಸಿತು. "ಈ ವಯಸ್ಸೇ ಹಾಗೆ, ಸರಿಹೋಗುತ್ತೆ" ಅನ್ನುವ ಮಾತಿನಿಂದ ತಡವಾಗಿ ಬಂದ ಮಕ್ಕಳನ್ನು ತುಂಬಾ ನೋಡಿದ್ದೇನೆ. ಸಿಡುಕುವುದು, ಬಾಗಿಲು ಹಾಕಿಕೊಳ್ಳುವುದು ಬೇರೆ. ವಾರಗಟ್ಟಲೆ ಊಟ ಬಿಡುವುದು, ಇಷ್ಟಪಟ್ಟಿದ್ದೆಲ್ಲ ಬಿಟ್ಟುಬಿಡುವುದು, ಗೆಳೆಯರಿಂದಲೂ ದೂರ ಆಗುವುದು, ಸಾಯುವ ಮಾತಾಡುವುದು ಬೇರೆ. ಎರಡನೆಯದು ಕಂಡರೆ ಕಾಯಬೇಡಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಹೆಚ್ಚಿನ ಮಕ್ಕಳು ಈ ವಯಸ್ಸನ್ನು ದೊಡ್ಡ ಬಿರುಗಾಳಿ ಇಲ್ಲದೆ ದಾಟುತ್ತಾರೆ. ಅದಕ್ಕೇ ಬಿರುಗಾಳಿ ಕಂಡರೆ ಅದನ್ನು ಸಹಜ ಅಂತ ತಳ್ಳಿಹಾಕಬಾರದು.

ನೀಲಿಕೊಡೆ
ರಾತ್ರಿಪಾಳಿ ಅಕ್ಕ, ಇದನ್ನು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಬಿರುಗಾಳಿ ಎಲ್ಲರಿಗೂ ಬರಲೇಬೇಕು ಅಂತೇನೂ ಇಲ್ಲ ಅಂದಿರಿ. ಹಾಗಾದರೆ ಕೆಲವು ಕಡೆ ಬಂದು ಕೆಲವು ಕಡೆ ಬರುವುದಿಲ್ಲವಾ? ಇದನ್ನು ಯಾರಾದರೂ ನೋಡಿದ್ದಾರಾ?

ಹಳೇಮೇಷ್ಟ್ರು
ನೋಡಿದ್ದಾರೆ ತಾಯಿ. ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ಸಮೋವಾ ದ್ವೀಪದ ಹುಡುಗಿಯರ ಬಗ್ಗೆ 1928ರಲ್ಲಿ ಪುಸ್ತಕ ಬರೆದು, ಅಲ್ಲಿ ಈ ವಯಸ್ಸು ನಿರಾಳವಾಗಿ ಕಳೆಯುತ್ತದೆ ಅಂದರು. 1983ರಲ್ಲಿ ಡೆರೆಕ್ ಫ್ರೀಮನ್ ಅದನ್ನು ಬಲವಾಗಿ ಅಲ್ಲಗಳೆದರು. ಆ ಜಗಳ ದೊಡ್ಡದು, ಇಲ್ಲಿ ಬೇಡ.

ಹೆಚ್ಚು ಉಪಯೋಗಕ್ಕೆ ಬರುವುದು 1991ರಲ್ಲಿ ಆಲಿಸ್ ಶ್ಲೆಗೆಲ್ ಮತ್ತು ಹರ್ಬರ್ಟ್ ಬ್ಯಾರಿ ಮಾಡಿದ ಹೋಲಿಕೆ. ಕೈಗಾರಿಕೆ ಬಾರದ ನೂರಕ್ಕೂ ಹೆಚ್ಚು ಸಮಾಜಗಳ ದಾಖಲೆಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬಾಲ್ಯಕ್ಕೂ ದೊಡ್ಡತನಕ್ಕೂ ನಡುವೆ ಒಂದು ಹಂತ ಹೆಚ್ಚುಕಡಿಮೆ ಎಲ್ಲ ಕಡೆ ಇತ್ತು. ಅಲ್ಲಿಗೆ ನರತಂತು ಅವರ ಮಾತು ಸರಿ, ವಯಸ್ಸು ಕಲ್ಪನೆ ಅಲ್ಲ. ಆದರೆ ಪುಂಡಾಟ ಎಲ್ಲ ಕಡೆ ಇರಲಿಲ್ಲ. ಹುಡುಗರು ದಿನದ ಹೆಚ್ಚು ಹೊತ್ತು ದೊಡ್ಡವರ ಜೊತೆ ಕಳೆಯುವ ಕಡೆ ಕಡಿಮೆ, ಓರಗೆಯವರ ಗುಂಪಿನಲ್ಲೇ ಕಳೆಯುವ ಕಡೆ ಜಾಸ್ತಿ.

ಇದನ್ನು ಕಾರಿನ ಆಟದ ಪಕ್ಕದಲ್ಲಿ ಇಟ್ಟು ನೋಡಿ. ಓರಗೆಯವರ ಕಣ್ಣು ಬಿದ್ದರೆ ಈ ವಯಸ್ಸಿನ ಮೆದುಳು ಕುದಿಯುತ್ತದೆ. ಅದು ಗೊತ್ತಿದ್ದೂ ನಾವು ಏನು ಮಾಡಿದ್ದೇವೆ? 14, 15, 16 ಅಂತ ವಯಸ್ಸಿನ ಪ್ರಕಾರ ಬೇರೆ ಮಾಡಿ, ಓರಗೆಯವರನ್ನು ಬಿಟ್ಟು ಬೇರೆ ಯಾರೂ ಸಿಗದ ಹಾಗೆ ದಿನವನ್ನು ಕಟ್ಟಿದ್ದೇವೆ. ಸಂಜೆ ಫೋನಿನಲ್ಲೂ ಅವರೇ. ಮೇಲೆ ಇನ್ನೊಂದು: 19ನೇ ಶತಮಾನದ ನಡುವೆ ಉತ್ತರ ಯುರೋಪಿನಲ್ಲಿ ಹುಡುಗಿಯರು ಮೈನೆರೆಯುತ್ತಿದ್ದುದು 16–17ಕ್ಕೆ, ಈಗ 12–13ಕ್ಕೆ. ದುಡಿಮೆ, ಮದುವೆ ಎರಡೂ ಮುಂದಕ್ಕೆ ಹೋಗಿವೆ. ನಡುವಿನ ಕಾಲ ಹಿಗ್ಗಿದೆ, ಆ ಕಾಲದಲ್ಲಿ ದೊಡ್ಡವರ ಒಡನಾಟ ಕುಗ್ಗಿದೆ. ಮನುಷ್ಯ ಕಟ್ಟಿದ್ದು ಈ ಏಕವಯಸ್ಸಿನ ಗುಂಪನ್ನು. ಅದರಿಂದ ಹುಟ್ಟುವ ನಡತೆಯನ್ನು ನೋಡಿ ಮೆದುಳನ್ನು ದೂರುವುದು ನನಗೆ ಅನ್ಯಾಯ ಅನ್ನಿಸುತ್ತದೆ.

ನರತಂತು
ಮೇಷ್ಟ್ರೇ, ಇದಕ್ಕೆ ಪ್ರಯೋಗದ ಬಲವೂ ಇದೆ. 2016ರಲ್ಲಿ ಕಾರೋಲ್ ಸಿಲ್ವಾ, ಜೇಸನ್ ಶೈನ್ ಮತ್ತು ಸ್ಟೈನ್‌ಬರ್ಗ್ 18ರಿಂದ 22ರ ಹುಡುಗರನ್ನು ಮೂರು ಥರ ಕೂರಿಸಿದರು: ಒಬ್ಬನೇ, ಓರಗೆಯ ನಾಲ್ವರು, ಮತ್ತು ಮೂವರು ಓರಗೆಯವರ ಜೊತೆ 25ರಿಂದ 30ರ ಒಬ್ಬ. ಓರಗೆಯವರೇ ಇದ್ದ ಗುಂಪು ಹೆಚ್ಚು ಅಪಾಯಕ್ಕೆ ಕೈಹಾಕಿತು, ಈಗಲೇ ಸಿಗುವುದನ್ನೇ ಆರಿಸಿತು. ಸ್ವಲ್ಪ ದೊಡ್ಡವನೊಬ್ಬ ಸೇರಿದ ಗುಂಪಿನಲ್ಲಿ ಹುಡುಗರು ಒಬ್ಬರೇ ಇದ್ದಾಗಿನ ಹಾಗೇ ನಡೆದುಕೊಂಡರು. ಅವನು ಬುದ್ಧಿ ಹೇಳಬೇಕಾಗಲಿಲ್ಲ, ಇದ್ದರೆ ಸಾಕಾಯಿತು. 2015ರಲ್ಲಿ ಈವಾ ಟೆಲ್ಜರ್ ಅವರ ತಂಡ ಕಾರಿನ ಆಟದ ಹೊತ್ತಿಗೆ ತಾಯಿಯನ್ನು ಜೊತೆಗಿರಿಸಿ ನೋಡಿತ್ತು. ಆಗಲೂ ಅಪಾಯದ ಆಯ್ಕೆ ಇಳಿದಿತ್ತು.

ನೀಲಿಕೊಡೆ
ತಾಯಿ ಯಾವಾಗಲೂ ಜೊತೆ ಹೋಗೋಕೆ ಆಗುತ್ತಾ ಹೇಳಿ! ಆದರೆ 25ರಿಂದ 30ರ ಒಬ್ಬರು ಅಂದಿರಲ್ಲ, ಅದು ಆಗುವ ಮಾತು. ನನ್ನ ಮಗನಿಗೆ ಸೈಕಲ್ ಬಿಚ್ಚಿ ಜೋಡಿಸುವುದು ಅಂದರೆ ಹುಚ್ಚು. ರಿಪೇರಿ ಮಾಡುವವರ ಹತ್ತಿರ ವಾರಕ್ಕೆರಡು ಸಂಜೆ ಕೂರಿಸಿದರೆ ಹೇಗೆ ಅಂತ ಯೋಚಿಸುತ್ತಿದ್ದೇನೆ. ಗೆಳೆಯರನ್ನು ಬಿಡು ಅಂತ ಹೇಳುವುದಿಲ್ಲ, ಅವರಲ್ಲೂ ಯಾರಿಗಾದರೂ ಇಷ್ಟವಿದ್ದರೆ ಬರಲಿ.

ಕಿಟಕಿಪಕ್ಕ
ಆಂಟಿ, ಒಂದು ಮಾತು. ಕಣ್ಣಿಡೋಕೆ ಕಳಿಸಿದ್ದಾರೆ ಅಂತ ಅವನಿಗೆ ಅನ್ನಿಸಿದರೆ ಎರಡನೇ ದಿನ ಹೋಗಲ್ಲ. ನಾನು ನಾಟಕದ ತಂಡದಲ್ಲಿ ಬೆಳಕಿನ ಕೆಲಸ ಮಾಡುತ್ತೇನೆ. ಅಲ್ಲಿ ಎಲ್ಲರೂ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಯಾರೂ ನನ್ನನ್ನು ನೋಡಿಕೊಳ್ಳಲ್ಲ. ಮೂರನೇ ದೃಶ್ಯದಲ್ಲಿ ದೀಪ ಆರಿಸುವುದು ನನ್ನ ಕೆಲಸ. ನಾನು ಮರೆತರೆ ನಾಟಕ ಕೆಡುತ್ತದೆ, ಅಷ್ಟೇ. ಅವನಿಗೂ ಅವನೇ ಮಾಡಬೇಕಾದ ಒಂದು ಕೆಲಸ ಕೊಡಲು ಹೇಳಿ.

ನೀಲಿಕೊಡೆ
ಸರಿ ಪುಟ್ಟಾ. ಮೊದಲು ಅವನನ್ನೇ ಕೇಳುತ್ತೇನೆ. ಒಪ್ಪಿದರೆ, ಒಂದು ಚಕ್ರವನ್ನಾದರೂ ಪೂರ್ತಿ ಅವನ ಜವಾಬ್ದಾರಿಗೆ ಬಿಡಿ ಅಂತ ಅವರಿಗೆ ಹೇಳುತ್ತೇನೆ.